ಅಮಾವಾಸ್ಯೆ ದಿನದ ನೀರು

ಇಳಕಲ್ಲಿನಲ್ಲಿ ಗುರುಲಿಂಗವ್ವ ನೀಲಗಾರ ಎಂದು ಕೇಳಿದರೆ ಯಾರಿಗೂ ತಟ್ಟನೆ ಹೊಳೆಯುತ್ತಿರಲಿಲ್ಲ. ‘ಅರ್ಜಿ ಗುರುಲಿಂಗವ್ವ’ ಎಂದರೆ ಬಸ್ ಸ್ಟ್ಯಾಂಡಿನ ಹಮಾಲನೂ ಕೈ ಮಾಡಿ ಓಣಿ ತೋರಿಸುತ್ತಿದ್ದ. ಆ ಹೆಸರು ಅವಳಿಗೆ ಚೂರೂ ಹಿಡಿಸುತ್ತಿರಲಿಲ್ಲ. ಅರ್ಜಿ ಬರೆಯುವುದು ಅವಳ ಕಸುಬೇನೂ ಅಲ್ಲ. ಸೀರೆಯ ನೂಲಿಗೆ ಬಣ್ಣ ಹಾಕುವುದು ಅವಳ ಕಸುಬು. ಮೊಣಕೈವರೆಗೆ ನೀಲಿ ಹತ್ತಿದ ಎರಡು ಕೈಗಳು ಕಣ್ಣಿಗೆ ರಾಚುವಂತಿದ್ದರೂ ತನ್ನನ್ನು ಅರ್ಜಿಯವಳು ಎನ್ನುತ್ತಾರಲ್ಲ, ಈ ಊರಿಗೆ ಕಣ್ಣಿದೆಯೋ ಇಲ್ಲವೋ ಎಂಬುದು ಅವಳ ತಕರಾರು.

ಊರಿನದೂ ತಪ್ಪಿಲ್ಲ ಬಿಡಿ. 1978ರಿಂದ ಎಂಟು ವರ್ಷ ಆಕೆ ಬರೆದದ್ದೇ ಬರೆದದ್ದು. ಚೊಳಚಗುಡ್ಡದ ತವರಿನಲ್ಲಿ ನಾಲ್ಕನೇ ಇಯತ್ತೆ ಓದಿದ್ದಳು. ಅಕ್ಷರ ದೊಡ್ಡವು, ಸಿಟ್ಟು ಅದಕ್ಕಿಂತ ದೊಡ್ಡದು. ಎಲ್ಲ ಅರ್ಜಿಯಲ್ಲೂ ಕೇಳಿದ್ದು ಒಂದೇ ಮಾತು. ನಮ್ಮ ಓಣಿಯ ಕುಡಿಯುವ ಬಾವಿಗೆ ಬಣ್ಣದ ನೀರು ಇಳಿಯುತ್ತಿದೆ. ಅದನ್ನು ತಡೆಯಿರಿ, ಆದರೆ ನಮ್ಮ ಒಲೆ ಆರಿಸಬೇಡಿರಿ. ಇದರಲ್ಲಿ ತಿಳಿಯದ್ದು ಏನಿದೆ? ಹೊಲದ ಬದುವಿನ ಮೇಲೆ ಕುಳಿತ ಹುಡುಗನಿಗೂ ತಿಳಿಯುವ ಮಾತು ಕುರ್ಚಿಯ ಮೇಲೆ ಕುಳಿತವರಿಗೆ ಯಾಕೆ ತಿಳಿಯುವುದಿಲ್ಲವೋ, ಆ ದೇವರಿಗೇ ಗೊತ್ತು.

ನೀರಿನ ವಿಷಯದಲ್ಲಿ ಅವಳ ನಾಲಿಗೆ ಸುಳ್ಳು ಹೇಳಿದ್ದಿಲ್ಲ. ಹದಿಮೂರಕ್ಕೆ ಮದುವೆಯಾಗಿ ಇಳಕಲ್ಲಿಗೆ ಬಂದಾಗ ಅತ್ತೆ ಮೊದಲ ದಿನ ಕೈಗೆ ಕೊಟ್ಟದ್ದು ಬಾವಿಯ ನೀರಿನ ತಂಬಿಗೆ. ‘ಕುಡದ ಹೇಳು, ಹೆಂಗೈತಿ?’ ಎಂದು ಕೇಳಿದ್ದಳು. ಬನಶಂಕರಿಯ ಹೊಂಡದ ನೀರು ಕುಡಿದು ಬೆಳೆದ ಹುಡುಗಿ ‘ಸಪ್ಪಗ ಐತ್ರಿ’ ಎಂದಳು. ಅತ್ತೆ ನಕ್ಕಳು. ಸಪ್ಪಗಿನ ನೀರು ಸಿಗಬೇಕು ಎಂದೇ ಅವರ ಹಿರಿಯರು ಈ ಓಣಿಯಲ್ಲಿ ನೆಲೆ ನಿಂತದ್ದು. ನೀರು ಸಪ್ಪಗಿದ್ದರೆ ನೂಲಿಗೆ ಕೆಂಪು ಎದ್ದು ಬರುತ್ತದೆ, ಉಪ್ಪೋ ಒಗರೋ ಇದ್ದರೆ ಕಂದುತ್ತದೆ. ಹೊಸ ನೂಲಿನ ಲಡಿ ಬಣ್ಣದ ಬಾನಿಗೆ ಬೀಳುವ ಮುಂಚೆ ನೀರನ್ನು ನಾಲಿಗೆಗೆ ಹಚ್ಚಿ ನೋಡುವುದು ಆ ಮನೆತನದ ಪದ್ಧತಿ. ಗಂಡ ಯಮನಪ್ಪ ತೀರಿಕೊಂಡ ಮೇಲೆ ನೆಲದಲ್ಲಿ ಹುಗಿದ ಆರು ಬಾನಿಗಳೂ, ಈ ನಾಲಿಗೆಯ ಕೆಲಸವೂ ಅವಳ ಪಾಲಿಗೆ ಬಂದವು.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು, ಅವಳೂ ಒಪ್ಪಿಕೊಳ್ಳುತ್ತಿದ್ದಳು. ಬಾವಿ ಕೆಡಿಸಿದವರಲ್ಲಿ ಅವಳೂ ಒಬ್ಬಳು. ಅತ್ತೆಯ ಕಾಲದಲ್ಲಿ ನೀಲಿ ಹದಕ್ಕೆ ಬರಲು ಸುಣ್ಣ, ಬೆಲ್ಲ, ತಗಚಿ ಬೀಜ ಹಾಕಿ ದಿನಗಟ್ಟಲೆ ಕಾಯಬೇಕಿತ್ತು. ಆಮೇಲೆ ಡಬ್ಬಿ ಬಣ್ಣ ಬಂತು. ಕಾಸ್ಟಿಕ್ ಸೋಡಾ, ಹೈಡ್ರೋಸ್, ಸೇರುಗಟ್ಟಲೆ ಉಪ್ಪು. ಬೆಳಿಗ್ಗೆ ಹಾಕಿದರೆ ಮಧ್ಯಾಹ್ನ ನೂಲು ಒಣಗಲು ಸಿದ್ಧ. ನೇಕಾರರಿಗೆ ಬೇಗ ಬೇಕು, ಸಾವಕಾರರಿಗೆ ಅಗ್ಗವಾಗಿ ಬೇಕು, ಸೊಲ್ಲಾಪುರದ ಪಾವರಲೂಮಿನವರು ಇಳಕಲ್ ಸೀರೆಯ ನಕಲು ಮಾಡಿ ಅರ್ಧ ದರಕ್ಕೆ ಮಾರುತ್ತಿದ್ದಾರೆ. ಅವಳೂ ಡಬ್ಬಿಗೆ ಬಂದಳು. ಬರದಿದ್ದರೆ ಅವಳ ಬಾನಿಯ ಕಡೆ ಯಾರು ನೋಡುತ್ತಿದ್ದರು? ಓಣಿಯ ಹನ್ನೊಂದು ಬಣ್ಣದ ಮನೆಗಳೂ ಬಂದವು. ಮಿಕ್ಕ ನೀರು ಗಟಾರಕ್ಕೆ ಹೋಗುತ್ತಿತ್ತು, ಗಟಾರ ಬಾವಿಯ ಪಕ್ಕದಲ್ಲೇ ಹಾದು ಹಳ್ಳ ಸೇರುತ್ತಿತ್ತು. ಹನ್ನೊಂದು ಮನೆಯ ನೀರನ್ನು ಭೂಮಿತಾಯಿ ಹೇಗೋ ನುಂಗಿಕೊಂಡಿದ್ದಳು. 1976ರಲ್ಲಿ ಓಣಿಯ ಮೇಲ್ಗಡೆ ಸಾವಕಾರ ಶಂಕ್ರಪ್ಪ ನಲವತ್ತು ಬಾನಿಯ ಬಣ್ಣದ ಕಾರಖಾನೆ ಕಟ್ಟಿಸಿ ಮೋಟಾರು ಕೂಡಿಸಿದ. ಆವತ್ತಿನಿಂದ ಗಟಾರ ಒಂದು ದಿನ ಕೆಂಪು, ಒಂದು ದಿನ ಹಸಿರು. ಮಕ್ಕಳು ಅದರಲ್ಲಿ ಕಾಗದದ ಹಡಗು ಬಿಟ್ಟು, ಹಡಗಿಗೆ ಬಣ್ಣ ಹತ್ತುವುದನ್ನು ನೋಡಿ ಕುಣಿಯುತ್ತಿದ್ದರು.

ಎರಡು ವರ್ಷದಲ್ಲಿ ಬಾವಿಯ ನೀರು ಉಪ್ಪಾಯಿತು. ಮೊದಲು ಹೇಳಿದವಳು ಎದುರು ಮನೆಯ ಲಗಮವ್ವ. ಕುಣಿಮಗ್ಗದಲ್ಲಿ ಕುಳಿತು ಕುಳಿತು ಬೆನ್ನು ಬಾಗಿದ ಹೆಂಗಸು. ಬಾಯಿ ಮಾತ್ರ ನೆಟ್ಟಗಿತ್ತು. ಒಂದು ಮುಂಜಾನೆ ಜೋಳದ ನುಚ್ಚಿನ ಬೋಗುಣಿಯನ್ನು ತಂದು ಗುರುಲಿಂಗವ್ವನ ಮುಂದೆ ಕುಕ್ಕಿದಳು. ನುಚ್ಚು ನಸುಗೆಂಪಗಿತ್ತು.

‘ಯಕ್ಕಾ, ನಾ ಈ ನುಚ್ಚಿಗೆ ಒಂದ ಹರಳ ಉಪ್ಪ ಹಾಕಿಲ್ಲ. ನೆಕ್ಕಿ ನೋಡು.’

ಗುರುಲಿಂಗವ್ವ ಬೆರಳಿನಿಂದ ಒಂದಿಷ್ಟು ಬಾಯಿಗೆ ಹಾಕಿಕೊಂಡಳು. ಉಪ್ಪು ಸರಿಯಾಗಿತ್ತು.

‘ಉಪ್ಪು ಪುಕ್ಕಟೆ ಆತು,’ ಎಂದಳು ಲಗಮವ್ವ. ‘ಬಣ್ಣಾನೂ ಪುಕ್ಕಟೆ. ಇನ್ನ ನಿಮ್ಮ ಬಾನ್ಯಾಗಿಂದ ಬ್ಯಾಳೀನೂ ಹರದ ಬಂದ್ರ ನಾವು ಒಲಿ ಹಚ್ಚೂದ ಬಿಡ್ತೇವಿ ನೋಡು.’

ಗುರುಲಿಂಗವ್ವನಿಗೆ ನಾಚಿಕೆಯಾಯಿತು. ಮದುವೆಯಾದ ಮಗಳು ಸಾವಿತ್ರೆವ್ವನ ಗಂಡನೂ ನೇಕಾರ, ಆ ಮನೆಯ ಮಕ್ಕಳೂ ಅದೇ ಬಾವಿಯ ನೀರು ಕುಡಿಯುವವರು. ಕುಳಿತು ಮೊದಲ ಅರ್ಜಿ ಬರೆದಳು.

ಅವಳ ಲೆಕ್ಕ ಸರಳವಾಗಿತ್ತು. ಒಬ್ಬೊಬ್ಬರ ಮನೆಯಲ್ಲಿ ಗುಂಡಿ ತೋಡಲು ಜಾಗವಿಲ್ಲ. ಗಟಾರದ ಕೊನೆಯಲ್ಲಿ ಪುರಸಭೆಯ ಬರಡು ಜಾಗವಿದೆ. ಅಲ್ಲಿ ಎಲ್ಲರಿಗೂ ಸೇರಿ ಒಂದು ಹೊಂಡ ಕಟ್ಟಬೇಕು. ಸುಣ್ಣ ಹಾಕಿ ಬಣ್ಣ ಕೆಳಗೆ ಕೂಡಿಸಿ, ಮೇಲಿನ ನೀರನ್ನು ಬಾವಿಯಿಂದ ದೂರಕ್ಕೆ ಬಿಡಬೇಕು. ಬಾನಿಯ ತಳದಲ್ಲಿ ಬಣ್ಣ ಹೇಗೆ ಕೂಡುತ್ತದೆ ಎಂಬುದನ್ನು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ಹನ್ನೊಂದು ಮನೆಯವರು ಕೈಲಾದಷ್ಟು ದುಡಿಯಲಿ, ಸಾವಕಾರ ತನ್ನ ಪಾಲು ಹಾಕಲಿ. ಎಲ್ಲರ ಖರ್ಚೂ ಒಂದೇ ಪ್ರಮಾಣದಲ್ಲಿ ಏರಿದರೆ ಯಾರ ನೂಲೂ ಯಾರಿಗಿಂತ ತುಟ್ಟಿಯಾಗುವುದಿಲ್ಲ. ಅರ್ಜಿಯಲ್ಲಿ ಇಷ್ಟನ್ನೂ ಬರೆದಳು. ಕೆಳಗೆ ಹನ್ನೊಂದು ಸಹಿ ಬೇಕಿತ್ತು. ಪಕ್ಕದ ಬಣ್ಣದ ಮನೆಯ ಅಮೀನಸಾಬ ಪೆನ್ನು ಕೈಗೆ ತಗೊಂಡು ಅರ್ಧ ತಾಸು ಕುಳಿತ.

‘ಅಕ್ಕಾರ, ಸಹಿ ಮಾಡಿದ್ರ ನಾವ ನೀರು ಕೆಡಸೇವಿ ಅಂತ ಒಪ್ಪಿಕೊಂಡಂಗ ಆಗತೈತಲ್ರಿ.’

‘ಕೆಡಸಿಲ್ಲೇನ?’

‘ಕೆಡಸೇವಿ. ಆದ್ರ ಬರದ ಕೊಡೂದಂದ್ರ...’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ಇದು. ಕೊನೆಗೆ ಅರ್ಜಿಗೆ ಅವಳದೊಂದೇ ಸಹಿ ಬಿತ್ತು.

ಪುರಸಭೆಯವರು ನೀರು ಕೆಟ್ಟದ್ದು ನಮ್ಮ ಖಾತೆಯಲ್ಲ, ತಾಲೂಕಿಗೆ ಹೋಗಿ ಎಂದರು. ಹುನಗುಂದಕ್ಕೆ ಹೋದಳು. ಅಲ್ಲಿಯ ಗುಮಾಸ್ತ ಅರ್ಜಿಯನ್ನು ತಿರುವಿ ನೋಡಿ, ಇದು ಕೈಗಾರಿಕೆಯ ಪ್ರಶ್ನೆ, ನಿಮ್ಮ ಬಣ್ಣದ ಮನೆ ಕೈಗಾರಿಕೆ ಅಂತ ನೋಂದಣಿ ಆಗಿದೆಯಾ ಎಂದು ಕೇಳಿದ. ‘ಅದು ನನ್ನ ಅಡಗಿ ಮನಿ ಹಿಂದಿನ ಪಡಸಾಲಿರಿ’ ಎಂದಳು. ಹಾಗಾದರೆ ಕೈಮಗ್ಗ ಇಲಾಖೆಯವರನ್ನು ಕೇಳಿ ಎಂದ. ಬಸ್ಸು ಹತ್ತಿ ಬಾಗಲಕೋಟೆಗೆ ಹೋದಳು. ಅಲ್ಲಿಯ ಕೈಮಗ್ಗದ ಸಾಹೇಬರು ಬಹಳ ಮರ್ಯಾದಸ್ಥರು, ಚಹಾ ತರಿಸಿದರು. ನೇಯುವವರಿಗೆ ಸರ್ಕಾರದಲ್ಲಿ ಹತ್ತು ಯೋಜನೆ ಇವೆ, ಆದರೆ ಬಣ್ಣ ಹಾಕುವುದು ನೇಯ್ಗೆಯಲ್ಲವಲ್ಲ ಎಂದು ಸಂಕಟಪಟ್ಟರು. ಬಣ್ಣವಿಲ್ಲದೆ ನೇಯ್ದರೆ ಅದು ಸೀರೆಯೋ ಹೆಣದ ಕಫನೋ ಎಂದು ಅವಳು ಕೇಳಿದಳು. ಸಾಹೇಬರು ಇನ್ನೊಂದು ಅರ್ಧ ಕಪ್ಪು ಚಹಾ ತರಿಸಿದರು. ಅಳಿಯ ಅಲ್ಲ ಮಗಳ ಗಂಡ ಎನ್ನುವ ಈ ಆಟದಲ್ಲಿ ಎರಡು ವರ್ಷ ಹೋಯಿತು. ಬೈಯಲಿಕ್ಕೆ ಒಬ್ಬ ಕೆಟ್ಟ ಮನುಷ್ಯನಾದರೂ ಸಿಕ್ಕಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಎಲ್ಲರೂ ಒಳ್ಳೆಯವರೇ, ಯಾರ ಕೈಯಲ್ಲೂ ಏನೂ ಇಲ್ಲ.

ಕೊನೆಗೆ ಚಹಾ ತರಿಸಿದ ಆ ಸಾಹೇಬರೇ ಒಂದು ದಾರಿ ಹೇಳಿದರು. ನೀರು ಕೆಡಿಸಬಾರದು ಎಂದು ದಿಲ್ಲಿಯಲ್ಲಿ ಕಾಯಿದೆಯಾಗಿದೆ, ಅದಕ್ಕೊಂದು ಬೋರ್ಡು ಇದೆ, ಅವರಿಗೆ ಬರೆಯಿರಿ. ಬರೆದಳು. 1981ರಲ್ಲಿ ಬೋರ್ಡಿನಿಂದ ಉತ್ತರ ಬಂತು. ಉತ್ತರ! ಎಂಟು ಸಲ ಮಡಚಿ ಬಿಚ್ಚಿ ಓದಿದಳು. ತಾವು ಬಂದು ಗಟಾರದ ನೀರಿನ ಸ್ಯಾಂಪಲ್ ತೆಗೆಯುತ್ತೇವೆ. ಕಾಯಿದೆಯ ಪ್ರಕಾರ ಆಗ ಬಣ್ಣದ ಮನೆಗಳ ಮಾಲೀಕರು ಎದುರಿಗಿರಬೇಕು. ಅವರೆದುರೇ ನೀರನ್ನು ಎರಡು ಬಾಟಲಿ ಮಾಡಿ ಅರಗಿನ ಮುದ್ರೆ ಒತ್ತಿ ಸಹಿ ಪಡೆಯಬೇಕು. ಆದ್ದರಿಂದ ಎಲ್ಲರೂ ಸಿಗುವಂಥ ದಿನವನ್ನು ಅರ್ಜಿದಾರರೇ ತಿಳಿಸತಕ್ಕದ್ದು.

ಎಲ್ಲರೂ ಸಿಗುವ ದಿನ ಯಾವುದು? ಬಣ್ಣದವರು ಕೆಲಸದ ದಿನ ಒಂದು ಕಡೆ ನಿಲ್ಲುವ ಜನವಲ್ಲ. ಒಬ್ಬ ಹಳ್ಳಕ್ಕೆ ನೂಲು ತೊಳೆಯಲು ಹೋಗಿರುತ್ತಾನೆ, ಒಬ್ಬ ಬಾಗಲಕೋಟೆಗೆ ಡಬ್ಬಿ ತರಲು, ಇನ್ನೊಬ್ಬ ನೇಕಾರರ ಮನೆಗೆ ಲಡಿ ಮುಟ್ಟಿಸಲು. ಆದರೆ ತಿಂಗಳಿಗೊಂದು ದಿನ ಎಲ್ಲರೂ ಮನೆಯಲ್ಲಿರುತ್ತಾರೆ, ಸ್ನಾನ ಮಾಡಿ ಶುಭ್ರ ಬಟ್ಟೆ ಉಟ್ಟಿರುತ್ತಾರೆ, ಮಾತನಾಡುವ ಹದದಲ್ಲೂ ಇರುತ್ತಾರೆ. ಗುರುಲಿಂಗವ್ವ ಎರಡನೇ ಯೋಚನೆ ಮಾಡದೆ ಬರೆದು ಹಾಕಿದಳು: ಬರುವ ಅಮಾವಾಸ್ಯೆ.

ಅಧಿಕಾರಿ ಹೇಳಿದ ದಿನವೇ ಬಂದ. ಕನ್ನಡಕ ಹಾಕಿದ ಎಳೆಯ ಮನುಷ್ಯ, ಮೈಸೂರು ಕಡೆಯ ಮೃದು ಮಾತು, ಜೊತೆಗೊಂದು ಬಾಟಲಿಗಳ ಪೆಟ್ಟಿಗೆ. ಓಣಿಗೆ ಓಣಿಯೇ ಸೇರಿತು. ದೊಡ್ಡ ಸಾಹೇಬರು ಬರುತ್ತಾರೆಂದು ಹೆಂಗಸರು ಬೆಳಗಿನಿಂದಲೇ ಅಂಗಳ ಸಾರಿಸಿ ಗಟಾರಕ್ಕೂ ಹತ್ತು ಕೊಡ ನೀರು ಹೊಡೆದು ಸ್ವಚ್ಛ ಮಾಡಿದ್ದರು. ಬಾನಿಗಳಿಗೆ ಮುಚ್ಚಳ ಹಾಕಿ, ವಿಭೂತಿ ಬಳಿದು, ಹೂವಿಟ್ಟಿದ್ದರು. ಅಮೀನಸಾಬನ ಹೆಂಡತಿ ಅಬೇದಾ ಸಾಹೇಬನಿಗೆಂದು ಗೋಧಿಯ ಸಿಹಿ ಮಾದಲಿ ಮಾಡಿಕೊಂಡು ತಂದಿದ್ದಳು. ಸಾವಕಾರ ಶಂಕ್ರಪ್ಪನೂ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಂದು ನಿಂತ. ಹನ್ನೆರಡು ಮಾಲೀಕರು, ಒಬ್ಬರೂ ತಪ್ಪಿಲ್ಲ. ಗುರುಲಿಂಗವ್ವನಿಗೆ ಎದೆ ಉಬ್ಬಿತ್ತು.

ಅಧಿಕಾರಿ ಬಾವಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಗಟಾರಕ್ಕೆ ಬಾಟಲಿ ಅದ್ದಿದ. ಮೇಲೆತ್ತಿ ಬಿಸಿಲಿಗೆ ಹಿಡಿದ. ಬಾಟಲಿಯ ಆಚೆಗೆ ನಿಂತ ಲಗಮವ್ವನ ಮುಖ ನಿಚ್ಚಳವಾಗಿ ಕಂಡಿತು.

ಆಗ ಹೊಳೆಯಿತು ಗುರುಲಿಂಗವ್ವನಿಗೆ. ಅಮಾವಾಸ್ಯೆಯ ದಿನ ಇಳಕಲ್ಲಿನಲ್ಲಿ ಮಗ್ಗ ನಡೆಯುವುದಿಲ್ಲ. ಬಾನಿಗೆ ಕೈ ಹಾಕುವವರಿಲ್ಲ. ಒಂದು ಹನಿ ಬಣ್ಣ ಗಟಾರಕ್ಕೆ ಬೀಳುವುದಿಲ್ಲ. ಎಲ್ಲರೂ ಮನೆಯಲ್ಲಿರುವುದೇ ಅದಕ್ಕಾಗಿ! ಮದುವೆಯಾಗಿ ಬಂದಾಗಿನಿಂದ ಪಾಲಿಸಿಕೊಂಡು ಬಂದ ನೇಮ, ಉಸಿರಾಟದ ಹಾಗೆ, ನೆನಪಿಗೇ ಬಂದಿರಲಿಲ್ಲ.

‘ಸಾಹೇಬ್ರ, ನಿಲ್ರಿ, ತಡೀರಿ! ಇದು ಅಮಾಸಿ ನೀರ್ರಿ! ನಾಳಿ ನೋಡ್ರಿ, ನಾಳಿ ಮುಂಜಾನಿ ಇದ ಗಟಾರ ರಗತ ಹರದಂಗ ಹರೀತೈತಿ!’

ಅಧಿಕಾರಿ ಕನ್ನಡಕ ಸರಿ ಮಾಡಿಕೊಂಡ. ‘ಅಮ್ಮ, ನನಗೆ ನಾಳೆ ಬಾದಾಮಿಯಲ್ಲಿ ಕೆಲಸವಿದೆ. ದಿನ ಗೊತ್ತು ಮಾಡಿದ್ದು ನೀವೇ ಅಲ್ಲವೇ? ನಾನು ಕಂಡದ್ದನ್ನು ಮಾತ್ರ ಬರೆಯಬೇಕು.’

ಅರಗು ಕರಗಿಸಿ ಮುದ್ರೆ ಒತ್ತಿದರು. ಹೋದ ಸಲ ಪೆನ್ನು ಕಂಡರೆ ನಡುಗುತ್ತಿದ್ದ ಹತ್ತೂ ಮಂದಿ ಈಗ ಚೊಕ್ಕ ನೀರಿಗೆ ಸಾಲುಗಟ್ಟಿ ಸಹಿ ಹಾಕಿದರು. ಸಾವಕಾರ ಶಂಕ್ರಪ್ಪ ಎರಡು ಸಲ ಹಾಕಿದ, ಒಂದು ಕನ್ನಡದಲ್ಲಿ, ಒಂದು ಮೋಡಿ ಲಿಪಿಯಲ್ಲಿ. ಗುರುಲಿಂಗವ್ವ ಬಾವಿಯ ಕಟ್ಟೆಯ ಮೇಲೆ ಕುಳಿತು ಹಣೆ ಹಣೆ ಬಡಿದುಕೊಂಡಳು. ತನ್ನ ಕಾಲ ಮೇಲೆ ತಾನೇ ಬಂಡೆ ಎಳೆದುಕೊಂಡವಳು ಇನ್ನೇನು ಮಾಡುತ್ತಾಳೆ?

ನೀರು ದೋಷರಹಿತವಾಗಿದೆ ಎಂಬ ಕಾಗದ ಮೂರು ತಿಂಗಳಿಗೆ ಬಂತು. ಅದರ ನಕಲನ್ನು ಶಂಕ್ರಪ್ಪ ಅರ್ಜಿಗೆ ಹಚ್ಚಿ ಕಾರಖಾನೆಗೆ ಇನ್ನೊಂದು ಮೋಟಾರು ಮಂಜೂರು ಮಾಡಿಸಿಕೊಂಡ. ಅವಳ ಎಂಟು ಅರ್ಜಿಗೆ ಆಗದ ಕೆಲಸ ಅವನ ಒಂದು ನಕಲಿಗೆ ಆಯಿತು. ಮೈ ಉರಿದು ಹೋಗಿ ಅವನ ಗಾದಿಯ ಮುಂದೆ ನಿಂತಳು.

‘ಸಾವಕಾರ್ರ, ಖರೆ ಹೇಳ್ರಿ, ನಿಮಗ ನಿಮ್ಮ ನೀರು ಗೊತ್ತಿಲ್ಲೇನ್ರಿ?’

ಶಂಕ್ರಪ್ಪ ಬಾಯಿ ಸತ್ತವನಲ್ಲ, ಮನಸ್ಸು ಸತ್ತವನೂ ಅಲ್ಲ. ‘ಗೊತ್ತೈತಿ ಯವ್ವಾ. ಆದ್ರ ನಾ ಒಬ್ಬಾವನ ಹೊಂಡ ಕಟ್ಟಿಸಿದ್ರ ನನ್ನ ನೂಲು ತುಟ್ಟಿ ಆಗತೈತಿ. ಸೊಲ್ಲಾಪುರದಾವ ಕುಂತಲ್ಲೇ ನಗತಾನ. ನನ್ನ ಕಾರಖಾನಿ ನಿಂತ್ರ ನಿನ್ನ ಅಳಿಯನ ಮಗ್ಗಕ್ಕ ನೂಲು ಎಲ್ಲಿಂದ ಬರತೈತಿ, ಹೇಳು ನೋಡೂಣು?’

‘ನೀರು ಹ್ವಾದ್ರ ಬಣ್ಣ ಹೋತು. ಹ್ವಾದ ವರ್ಷದ ನಿಮ್ಮ ಕೆಂಪು ಎರಡ ಒಗತಕ್ಕ ಬಿಳುಪಾತಲ್ರಿ! ಇಳಕಲ್ಲ ಸೀರಿ ಅಂತ ಜನ ತಗೋಳೂದು ಬಣ್ಣ ನೋಡಿ. ಬಣ್ಣಾನ ನಿಲ್ಲಲಿಲ್ಲಂದ್ರ ಸೊಲ್ಲಾಪುರದಾವ ಯಾಕ ಬೇಕ್ರಿ, ನಾವ ನಮ್ಮನ್ನ ಮುಗಸತೇವಿ.’

‘ಎಲ್ಲಾರೂ ಮಾಡ್ಲಿ, ನಾನೂ ಮಾಡ್ತೇನಿ’ ಎಂದ ಶಂಕ್ರಪ್ಪ. ಎಲ್ಲರನ್ನೂ ಕೇಳಿದರೆ, ಸಾವಕಾರ ಮಾಡಲಿ, ನಾವೂ ಮಾಡುತ್ತೇವೆ ಎಂದರು. ಎತ್ತು ಏರಿಗೆ, ಕೋಣ ನೀರಿಗೆ. ಇದನ್ನು ಬಿಡಿಸಲಿಕ್ಕೇ ಅಲ್ಲವೇ ಕಾಯಿದೆ ಎಂಬುದು ಇರುವುದು?

ಮತ್ತೆ ಬೋರ್ಡಿಗೆ ಬರೆದಳು. ಒಮ್ಮೆ ನೋಡಿ ಸರಿಯಿದೆ ಎಂದದ್ದನ್ನು ಮತ್ತೆ ನೋಡಲು ಅವರಿಗೆ ಪುರುಸೊತ್ತಿಲ್ಲ. ಎರಡು ವರ್ಷ ಬಿಡದೆ ಬರೆದ ಮೇಲೆ 1983ರಲ್ಲಿ ಅದೇ ಅಧಿಕಾರಿಯ ಕೈಬರಹದ ಚೀಟಿ ಬಂತು. ಇಂಥ ತಾರೀಖು ಬೇರೆ ಕೆಲಸಕ್ಕೆ ಹುನಗುಂದಕ್ಕೆ ಬರುತ್ತಿದ್ದೇನೆ, ಅರ್ಧ ದಿನ ಬಿಡುವು ಮಾಡಿಕೊಂಡು ಬರಬಲ್ಲೆ, ಅದು ಬಿಟ್ಟರೆ ಮುಂದಿನ ವರ್ಷ. ಗುರುಲಿಂಗವ್ವ ಗೋಡೆಯ ಕ್ಯಾಲೆಂಡರು ನೋಡಿದಳು. ಅಮಾವಾಸ್ಯೆ. ಕ್ಯಾಲೆಂಡರನ್ನೇ ಹರಿದು ಒಲೆಗೆ ಹಾಕುವಷ್ಟು ಸಿಟ್ಟು ಬಂತು. ಹಾಕಲಿಲ್ಲ, ಅದರ ಮೇಲೆ ಬಸವಣ್ಣನ ಚಿತ್ರವಿತ್ತು.

ಆವತ್ತು ಬೆಳಿಗ್ಗೆ ಓಣಿಯವರು ಕಂಡದ್ದನ್ನು ಬಹಳ ವರ್ಷ ಹೇಳಿಕೊಂಡರು. ಎಲ್ಲ ಬಾನಿಗಳ ಮೇಲೆ ಹೂವು, ಗುರುಲಿಂಗವ್ವನ ಹಿತ್ತಲಿನಲ್ಲಿ ಮಾತ್ರ ಹೊಗೆ. ಅಮೀನಸಾಬ ಓಡಿ ಬಂದ. ಅವನು ಮುಸಲ್ಮಾನನಾದರೂ ಅಮಾವಾಸ್ಯೆಯಂದು ಬಾನಿ ಮುಟ್ಟಿದವನಲ್ಲ. ಅದು ಜಾತಿಯ ನೇಮವಲ್ಲ, ಕಸುಬಿನ ನೇಮ.

‘ಅಕ್ಕಾರ! ಇವತ್ತ ಅಮಾಸಿ!’

‘ನಂಗ ಗೊತ್ತಿಲ್ಲೇನ?’ ಅವಳು ಕುದಿಯುವ ನೀರಿಗೆ ಕೆಂಪು ಬಣ್ಣ ಸುರಿದಳು. ಆರು ತಲೆಮಾರಿನಲ್ಲಿ ಆ ಮನೆಯಲ್ಲಿ ಯಾರೂ ಮಾಡದ ಕೆಲಸ. ಅತ್ತೆ ಇದ್ದಿದ್ದರೆ ಕೈ ಮುರಿಯುತ್ತಿದ್ದಳು. ‘ಅಮಾಸಿ ಮುರದ ಪಾಪ ನನಗಿರಲಿ. ಬಾಂವಿ ಕೆಟ್ಟ ಪಾಪ ಎಲ್ಲಾರದೂ ಐತಿ.’

ಅಧಿಕಾರಿ ಬಂದಾಗ ಗಟಾರದಲ್ಲಿ ಒಂದೇ ಒಂದು ಕೆಂಪು ಎಳೆ ಹರಿದು ಬರುತ್ತಿತ್ತು, ಅವಳ ಹಿತ್ತಲಿನಿಂದ ಬಾವಿಯವರೆಗೆ. ಅವನು ಅದರ ಜೊತೆಗೇ ನಡೆದು ಬಂದು ಅವಳ ಮುಂದೆ ನಿಂತ.

‘ಅಮ್ಮ, ಇದನ್ನು ತೆಗೆದರೆ ನೋಟೀಸು ನಿಮಗೊಬ್ಬರಿಗೇ ಬರುತ್ತದೆ. ಬೇರೆ ಯಾರದೂ ಕಾಣುತ್ತಿಲ್ಲ. ಬಣ್ಣದ ಮನೆ ಮುಚ್ಚಬೇಕಾಗುತ್ತದೆ. ನಿಮಗೆ ಅರ್ಥವಾಗುತ್ತಿದೆಯೇ?’

‘ನಾಕನೇ ಇಯತ್ತೆ ಓದೇನ್ರಿ ಸಾಹೇಬ್ರ. ನೀವು ಕಂಡದ್ದಷ್ಟ ಬರೀತೀರಿ. ಅದಕ್ಕ ಕಾಣೂವಂಗ ಮಾಡೇನಿ. ತಗೋರಿ.’

ಅವನು ತೆಗೆದುಕೊಂಡ. ಬಾಟಲಿಗೆ ಅರಗಿನ ಮುದ್ರೆ ಒತ್ತಿ ಅವಳ ಸಹಿ ಪಡೆದ.

ನೋಟೀಸು ಬಂದದ್ದು ಮಾತ್ರ ಎಷ್ಟು ಬೇಗ! ನೀರು ಶುದ್ಧ ಮಾಡುವ ವ್ಯವಸ್ಥೆ ಆಗುವವರೆಗೆ ಬಣ್ಣದ ಮನೆ ಮುಚ್ಚತಕ್ಕದ್ದು. ಅವಳು ಮುಚ್ಚಿದಳು. ಅವಳ ಗಿರಾಕಿಗಳ ನೂಲೆಲ್ಲ ಶಂಕ್ರಪ್ಪನ ಕಾರಖಾನೆಗೆ ಹೋಯಿತು, ಗಟಾರ ಇನ್ನಷ್ಟು ದಪ್ಪಗೆ ಹರಿಯಿತು. ಓಣಿಯವರು ಅವಳನ್ನು ಹುಚ್ಚಿ ಎಂದರು. ಅವಳು ನೋಟೀಸನ್ನು ಹಿಡಿದು ಪುರಸಭೆಗೆ ಹೋದಳು. ಇಷ್ಟು ದಿನ ಅವಳ ಕೈಯಲ್ಲಿದ್ದದ್ದು ಬೇಡಿಕೆ. ಈಗ ಇದ್ದದ್ದು ನಂಬರು, ಮೊಹರು ಇದ್ದ ಸರ್ಕಾರದ ಹುಕುಂ. ವ್ಯವಸ್ಥೆ ಮಾಡು ಎಂದು ಹುಕುಂ ಹೇಳುತ್ತದೆ, ಜಾಗ ನಿಮ್ಮದು, ಕೊಡುವುದಿಲ್ಲ ಎಂದಾದರೆ ಹಾಗಂತ ಬರೆದು ಕೊಡಿ ಎಂದಳು. ಬರೆದು ಕೊಡುವುದಕ್ಕೆ ಪುರಸಭೆಯವರೂ ಅಮೀನಸಾಬನಷ್ಟೇ ಹೆದರುತ್ತಾರೆಂದು ಅವಳಿಗೆ ಗೊತ್ತಾದದ್ದು ಆಗಲೇ. ಬರಡು ಜಾಗ ಹೊಂಡಕ್ಕೆಂದು ಠರಾವಾಯಿತು.

ಜಾಗ ಸಿಕ್ಕರೂ ಕಟ್ಟುವವರು ಬೇಕಲ್ಲ? ಅಲ್ಲಿಗೆ ಅಬೇದಾ ಬಂದಳು. ಗಂಡನನ್ನು ಕೈ ಹಿಡಿದು ಎಳೆದುಕೊಂಡೇ ಬಂದಳು.

‘ಮೌಶಿ, ಇವರು ಇವತ್ತ ಸಹಿ ಮಾಡತಾರ. ಮಾಡಲಿಲ್ಲಂದ್ರ ನಾಳಿಯಿಂದ ಕುಡಿಯೂ ನೀರು ಇವರ ತರತಾರ, ಮ್ಯಾಲಿನ ಹಳ್ಳದಿಂದ, ಎರಡ ಮೈಲಿ.’

ಅಮೀನಸಾಬ ತಲೆ ಬಗ್ಗಿಸಿ ಪೆನ್ನು ತಗೊಂಡ. ‘ಅಕ್ಕಾರ, ನಮ್ಮ ಸ್ಯಾಂಪಲ್ಲೂ ತಗೀರಿ ಅಂತ ಬರೀರಿ. ಬುಧವಾರ ಅಂತ ಬರೀರಿ. ಅಮಾಸಿ ಅಲ್ಲದ ಬುಧವಾರ.’ ಒಬ್ಬ ಬರೆದ ಮೇಲೆ ಉಳಿದವರಿಗೆ ಧೈರ್ಯ ಬಂತು; ಇನ್ನು ಹೆದರಲಿಕ್ಕೆ ಏನು ಉಳಿದಿತ್ತು? ಕೆಲಸದ ಬುಧವಾರ ತೆಗೆದ ಬಾಟಲಿ ಶಾಯಿಯ ದೌತಿಯಂತಿತ್ತು. ನೋಟೀಸು ಉಳಿದ ಹತ್ತು ಮಂದಿಗೂ ಬಂತು, ನಲವತ್ತು ಬಾನಿಯ ಕಾರಖಾನೆಗೂ ಬಂತು.

ಶಂಕ್ರಪ್ಪ ಬಂದು ಅವಳ ಕಟ್ಟೆಯ ಮೇಲೆ ಕುಳಿತ. ‘ಎಲ್ಲಾರೂ ಕೂಡಿ ಒಂದ ಹೊಂಡ ಮಾಡೂಣು. ಖರ್ಚು ಬಾನಿ ಲೆಕ್ಕದ ಮ್ಯಾಲ ಹಂಚಿಕೊಂಡ್ರ ಯಾರೊಬ್ಬರ ನೂಲೂ ತುಟ್ಟಿ ಆಗಂಗಿಲ್ಲ. ಹೆಂಗೈತಿ ವಿಚಾರ?’

ಗುರುಲಿಂಗವ್ವ ಒಳಗೆ ಹೋಗಿ 1978ರ ಅರ್ಜಿಯ ನಕಲನ್ನು ತಂದು ಅವನ ತೊಡೆಯ ಮೇಲೆ ಇಟ್ಟಳು. ಆವತ್ತು ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಸಾವಕಾರ ಅವನ್ನು ಕೇಳಿಸಿಕೊಂಡ, ಎದ್ದು ಹೋಗಲಿಲ್ಲ. ಅಷ್ಟು ಮರ್ಯಾದೆ ಅವನದು.

ಹೊಂಡ 1984ರ ಕೊನೆಗೆ ಆಯಿತು. ಮೂರು ಅಂಕಣದ್ದು, ಕಲ್ಲು ಗಾರೆಯದು, ಸಾವಕಾರನ ಹಳೆಯ ಮೋಟಾರು ಅದಕ್ಕೆ; ಬಾವಿಯ ಪಕ್ಕ ನೀರು ಇಂಗದಂತೆ ಗಟಾರಕ್ಕೂ ಗಾರೆ. ಉದ್ಘಾಟನೆಗೆ ದಿನ ಗೊತ್ತು ಮಾಡಿದವರು ಎಲ್ಲರಿಗೂ ಬಿಡುವಿರಲಿ ಎಂದು ಅಮಾವಾಸ್ಯೆಯನ್ನೇ ಆರಿಸಿದರು. ತಿಳಿನೀರು ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ತಿಳಿಯಾಗಿಯೇ ಹೊರಗೆ ಬಂತು, ಜನ ಚಪ್ಪಾಳೆ ತಟ್ಟಿದರು. ಅವಳು ಹೋಗಲಿಲ್ಲ. ಮರುದಿನ ಬೆಳಿಗ್ಗೆ ಒಬ್ಬಳೇ ಹೋಗಿ ಕೆಂಪು ನೀರು ಮೂರನೇ ಅಂಕಣದಲ್ಲಿ ಹೇಗೆ ಬರುತ್ತದೆ ಎಂದು ನೋಡಿ ಬಂದಳು.

ಎಲ್ಲರ ನೋಟೀಸೂ ವಾಪಸಾಯಿತು, ಅವಳದೊಂದು ಬಿಟ್ಟು. ಅದಕ್ಕೂ ಕಾರಣವಿತ್ತು. ಅವಳದು ಮೊದಲಿನ ಪ್ರತ್ಯೇಕ ಹುಕುಂ. ಅದು ರದ್ದಾಗಬೇಕಾದರೆ ಅವಳ ಬಣ್ಣದ ಮನೆಯಿಂದ ಬರುವ ನೀರನ್ನು ಪರೀಕ್ಷೆ ಮಾಡಬೇಕು. ಮುಚ್ಚಿದ ಮನೆಯಿಂದ ನೀರು ಬರುವುದಿಲ್ಲ. ನೀರು ಬರಬೇಕಾದರೆ ತೆರೆಯಬೇಕು, ಹುಕುಂ ರದ್ದಾಗುವವರೆಗೆ ತೆರೆಯುವಂತಿಲ್ಲ. ಕನ್ನಡಕದ ಅಧಿಕಾರಿಗೆ ಅಷ್ಟರಲ್ಲಿ ವರ್ಗವಾಗಿತ್ತು, ಹೊಸಬನಿಗೆ ಕಡತ ಓದಲು ಬಿಡುವಿರಲಿಲ್ಲ. ಅವಳು ಇನ್ನೂ ಆರು ಅರ್ಜಿ ಬರೆದಳು. ಏಳನೆಯದನ್ನು ಬರೆಯಲು ಕುಳಿತವಳು ಪೆನ್ನು ಕೆಳಗಿಟ್ಟಳು. ಬಾನಿಗಳು ಒಣಗಿ ಬಿರುಕು ಬಿಟ್ಟಿದ್ದವು, ಅವಳಿಗೂ ಅರವತ್ತು ದಾಟಿತ್ತು. ಅಷ್ಟರಲ್ಲಿ ಬೇರೆ ಬಾವಿಯ ಓಣಿಗೆ ಮನೆ ಬದಲಿಸಿದ್ದ ಮಗಳ ಜೊತೆ ಹೋಗಿ ನೂಲು ಸುತ್ತುತ್ತ ಕುಳಿತಳು. ಬೇರೆಯವರು ಹಾಕಿದ ಬಣ್ಣವನ್ನು ಬೈಯುವುದಂತೂ ಬಿಟ್ಟಿರಲಿಲ್ಲ. ಮೊಣಕೈಯ ನೀಲಿ ಸವೆಯುತ್ತ ಸವೆಯುತ್ತ ಉಗುರಿನ ಸಂದಿಯಲ್ಲಷ್ಟೇ ಉಳಿಯಿತು.

ಎರಡು ಮಳೆಗಾಲ ಕಳೆದವು. 1986ರ ಒಂದು ಮಧ್ಯಾಹ್ನ ಅವಳು ತನ್ನ ಹಳೆಯ ಓಣಿಗೆ ಬಂದಾಗ ಲಗಮವ್ವ ಊಟಕ್ಕೆ ಕೂಡಿಸಿದಳು. ಬಿಳಿ ನುಚ್ಚು, ಮೇಲೆ ಮಜ್ಜಿಗೆ. ಗುರುಲಿಂಗವ್ವ ಒಂದು ತುತ್ತು ಬಾಯಿಗಿಟ್ಟವಳು ಮುಖ ಕಿವುಚಿದಳು.

‘ಏನ ನುಚ್ಚಬೇ ಇದು? ಉಪ್ಪ ಹಾಕಿಲ್ಲೇನ?’

‘ಎಲ್ಲಿ ಹಾಕ್ತೇನಿ ಯಕ್ಕಾ? ಎಂಟ ವರ್ಷ ಆತು ನಮ್ಮ ಬಾಂವಿ ನೀರಾಗ ಉಪ್ಪು...’ ಲಗಮವ್ವ ಮಾತು ಅಲ್ಲಿಗೇ ನಿಲ್ಲಿಸಿದಳು. ತಾನೂ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಗುರುಲಿಂಗವ್ವ ತಂಬಿಗೆ ಎತ್ತಿ ನೀರು ಕುಡಿದಳು. ನಿಧಾನವಾಗಿ, ಅತ್ತೆ ಕಲಿಸಿದ ಹಾಗೆ ನಾಲಿಗೆಯ ಮೇಲೆ ನಿಲ್ಲಿಸಿ ಕುಡಿದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದಳು.

‘ಏನ್ ನೋಡ್ತಿ ನನ್ನ ಮಾರಿ? ಸಪ್ಪಗ ಐತಿ. ಏಳು, ಉಪ್ಪ ತಾ.’